ಡಿಸೆಂಬರಲ್ಲಿ ಸರಿಯಿದ್ದ 5.0 ಗಿಗಾಹರ್ಟ್ಸ್ ಓವರ್‌ಕ್ಲಾಕ್ ಈಗ ನಿಲ್ಲುತ್ತಿಲ್ಲ

ಕೇಳಿದವರು: ನಾಪೋಕ್ಲು ಎಡಿಟಿಂಗ್

ಎಲ್ಲರಿಗೂ ನಮಸ್ಕಾರ. ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಸಿಸ್ಟಮ್ ಸೆಕೆಂಡ್ ಹ್ಯಾಂಡ್. ಇಂಟೆಲ್ ಐ5-8600ಕೆ ಪ್ರೊಸೆಸರ್, ಝಡ್370 ಮದರ್‌ಬೋರ್ಡು, ಒಂದು ಫ್ಯಾನಿನ ಟವರ್ ಕೂಲರ್.

ಡಿಸೆಂಬರಲ್ಲಿ ಓವರ್‌ಕ್ಲಾಕ್ ಮಾಡಿ, ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸಲು, 5.0 ಗಿಗಾಹರ್ಟ್ಸ್, 1.38 ವೋಲ್ಟ್ ಇಟ್ಟೆ. ಸಿನಿಬೆಂಚ್ (ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ನೋಡುವ ಟೆಸ್ಟ್) 10 ನಿಮಿಷ ಓಡಿಸಿದಾಗ ಪ್ರೊಸೆಸರ್ 80 ಡಿಗ್ರಿಗೆ ಬಂತು. ಆಗ ರೂಮು 17 ಡಿಗ್ರಿ ಇತ್ತು. ಎರಡು ತಿಂಗಳು ಏನೂ ತೊಂದರೆ ಇಲ್ಲ. ಈಗ ಮಾರ್ಚ್ ಕೊನೆ, ಮಧ್ಯಾಹ್ನ ರೂಮು 29. ಎಕ್ಸ್‌ಪೋರ್ಟ್ ಅರ್ಧಕ್ಕೆ ಬಂದಾಗ ನೀಲಿ ಪರದೆ ಬರುತ್ತದೆ. ನಿನ್ನೆ 96 ಡಿಗ್ರಿ ತೋರಿಸಿತು.

1.42 ವೋಲ್ಟ್‌ಗೆ ಏರಿಸಿದರೆ ನಿಲ್ಲುತ್ತದೆ ಅಂತ ಪರಿಚಯದ ಒಬ್ಬರು ಹೇಳಿದರು. ಏರಿಸಬಹುದಾ? ಶನಿವಾರ ಒಂದು ಮದುವೆಯ ಕೆಲಸ ಕೊಡಬೇಕು. ಪ್ರೊಸೆಸರ್ ಹೋದರೆ ಇನ್ನೊಂದು ತೆಗೆದುಕೊಳ್ಳುವಷ್ಟು ದುಡ್ಡು ಈಗ ಕೈಯಲ್ಲಿಲ್ಲ.

ಉತ್ತರ: ಕುಶಾಲನಗರ ಹಳೇ ಸಿಸ್ಟಮ್

ದಯವಿಟ್ಟು ಏರಿಸಬೇಡಿ. ನನ್ನ ಹತ್ತಿರವೂ ಇದೇ ಪ್ರೊಸೆಸರ್ ಇದೆ, 2018ರಿಂದ. ಇದೇ ತಪ್ಪು ನಾನೂ ಮಾಡಿದ್ದೇನೆ. ಆಗ ಮಡಿಕೇರಿಯಲ್ಲಿ ಬಾಡಿಗೆ ಮನೆ. ಜುಲೈ ಮಳೆಯಲ್ಲಿ, ಸ್ವೆಟರ್ ಹಾಕಿಕೊಂಡು ಕೂತು ಟೆಸ್ಟ್ ಮಾಡಿದೆ. ಎಲ್ಲಾ ಪಾಸ್. ಮುಂದಿನ ಏಪ್ರಿಲಲ್ಲಿ ಮನೆ ಕುಶಾಲನಗರಕ್ಕೆ ಬದಲಾಯಿತು. ಅದೇ ಸೆಟ್ಟಿಂಗಿನಲ್ಲಿ ದಿನಕ್ಕೆ ಎರಡು ಸಲ ಹ್ಯಾಂಗ್! ಬೋರ್ಡು ಹಾಳಾಗಿದೆ ಅಂತ ಒಂದು ವಾರ ಸುಮ್ನೆ ಒದ್ದಾಡಿದೆ.

ಗಾಳಿಯಿಂದ ತಣ್ಣಗಾಗುವ ಕೂಲರ್ ಇದ್ದರೆ ರೂಮು ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ನಿಮ್ಮ ರೂಮು 12 ಡಿಗ್ರಿ ಏರಿದೆ. 80ಕ್ಕೆ 12 ಸೇರಿದರೆ 92. ಉಳಿದ 4 ಡಿಗ್ರಿ ಧೂಳಿನದ್ದು ಇರಬೇಕು. ಈ ಪ್ರೊಸೆಸರ್‌ಗೆ 100 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮ್ಮದು ಅದಕ್ಕೂ ಮೊದಲೇ ಬೀಳುತ್ತಿದೆ, ಯಾಕೆಂದರೆ ಚಿಪ್ ಬಿಸಿಯಾದಷ್ಟೂ ಅದೇ ವೇಗಕ್ಕೆ ಜಾಸ್ತಿ ವೋಲ್ಟ್ ಕೇಳುತ್ತದೆ. ವೋಲ್ಟ್ ಕೊಟ್ಟರೆ ಇನ್ನೂ ಬಿಸಿ. ಈ ಸುತ್ತಿಗೆ ಸಿಕ್ಕಿಬಿದ್ದಿದ್ದೀರಿ.

ಒಂದು ಲೆಕ್ಕ ನೋಡಿ. ಹೀರುವ ಪವರ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 4.7ರಲ್ಲಿ 1.25 ವೋಲ್ಟ್ ಸಾಕಾಗುತ್ತದೆ ಅಂದುಕೊಳ್ಳಿ. ಅಲ್ಲಿಂದ 5.0, 1.38ಕ್ಕೆ ಹೋದರೆ ವೇಗ ಸಿಗುವುದು ನೂರಕ್ಕೆ 6. ಪವರ್ ಏರುವುದು ನೂರಕ್ಕೆ ಸುಮಾರು 30. ಅಷ್ಟೂ ಶಾಖವಾಗಿ ಆ ಒಂದು ಫ್ಯಾನಿನ ತಲೆಗೆ ಬರುತ್ತದೆ. ಒಂದು ಗಂಟೆಯ ಎಕ್ಸ್‌ಪೋರ್ಟ್‌ನಲ್ಲಿ ನಿಮಗೆ ಉಳಿಯುವುದು ನಾಲ್ಕೇ ನಿಮಿಷ, ಅಲ್ವಾ?

ಹೀಗೆ ಮಾಡಿ. ಬಯಾಸ್‌ನಲ್ಲಿ (ಸಿಸ್ಟಮ್ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್) ಎಲ್ಲಾ ಕೋರ್ 47ಕ್ಕೆ, ಅಂದರೆ 4.7 ಗಿಗಾಹರ್ಟ್ಸ್‌ಗೆ ಇಳಿಸಿ. ವೋಲ್ಟೇಜನ್ನು ಆಟೋದಲ್ಲಿ ಬಿಡಬೇಡಿ, ಎಷ್ಟೋ ಬೋರ್ಡುಗಳು ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತವೆ. 1.25ರಿಂದ ಶುರುಮಾಡಿ. ಬಿದ್ದರೆ 0.01ರಂತೆ ಏರಿಸಿ, 1.30 ಬಂದರೂ ನಿಲ್ಲದಿದ್ದರೆ 46ಕ್ಕೆ ಇಳಿಯಿರಿ. ಲೋಡ್ ಲೈನ್ ಕ್ಯಾಲಿಬ್ರೇಶನ್ (ಕೆಲಸ ಜಾಸ್ತಿಯಾದಾಗ ವೋಲ್ಟ್ ಕುಗ್ಗದಂತೆ ನೋಡುವ ಸೆಟ್ಟಿಂಗ್) ಮಧ್ಯದ ಹಂತದಲ್ಲಿರಲಿ, ಕೊನೆಯ ಹಂತ ಬೇಡ. ರ‍್ಯಾಮ್ ಎಕ್ಸ್‌ಎಂಪಿಯನ್ನು, ಅಂದರೆ ಮೆಮೊರಿಯ ವೇಗ ಏರಿಸುವ ಸೆಟ್ಟಿಂಗನ್ನು, ಈಗ ಆಫ್ ಮಾಡಿಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಬಿದ್ದಿದ್ದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ.

ಟೆಸ್ಟನ್ನು ಮಧ್ಯಾಹ್ನ ಎರಡು ಗಂಟೆಗೆ, ಕೇಸಿನ ಬಾಗಿಲು ಮುಚ್ಚಿ ಮಾಡಿ. ಬೆಳಗ್ಗೆ ಮಂಜಿನಲ್ಲಿ ಪಾಸಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. 85 ಡಿಗ್ರಿ ದಾಟಿದರೆ ನಾನಾದರೆ ಇಳಿಸುತ್ತೇನೆ. ಶನಿವಾರದ ಕೆಲಸಕ್ಕೆ ಮಾತ್ರ ಓವರ್‌ಕ್ಲಾಕ್ ಪೂರ್ತಿ ತೆಗೆದುಬಿಡಿ. ಟೆಸ್ಟ್ ಎಲ್ಲಾ ಆಮೇಲೆ.

ಅಂದಹಾಗೆ, ರೂಮು ಕಾಫಿ ಕಣದ ಕಡೆಗಿದೆಯಾ?

ಉತ್ತರ: ನಾಪೋಕ್ಲು ಎಡಿಟಿಂಗ್

ಹೌದು! ಕಿಟಕಿ ಕಣಕ್ಕೇ ತೆರೆಯುತ್ತದೆ. ಜನವರಿ ಪೂರ್ತಿ ಕಾಫಿ ಒಣಗಿಸಿದ್ದು ಅಲ್ಲೇ. ಅದು ಹೇಗೆ ಗೊತ್ತಾಯಿತು?

ಉತ್ತರ: ಕುಶಾಲನಗರ ಹಳೇ ಸಿಸ್ಟಮ್

ಕಾಫಿ ಒಣಗಿಸಿದ ಮೇಲೆಯೇ ಬಿಸಿ ಏರಿದೆಯಲ್ಲ, ಅದಕ್ಕೆ ಕೇಳಿದೆ. ಸಿಪ್ಪೆಯ ಸಣ್ಣ ಧೂಳು ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಸೇರುತ್ತದೆ. ಮಳೆಗಾಲದ ತೇವದಲ್ಲಿ ಅದೇ ಅಂಟಾಗಿ ಕೂರುತ್ತದೆ. ಈಗಲೇ ತೆಗೆಯಿರಿ. ಪವರ್ ವೈರ್ ಕಿತ್ತು, ಫ್ಯಾನ್ ಬಿಚ್ಚಿ, ಒಣ ಬ್ರಷ್ಷಿನಿಂದ ಒರೆಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿಕೊಳ್ಳಿ. ಕೂಲರನ್ನೇ ಎತ್ತಿದರೆ ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹೊಸದು ಹಾಕಲೇಬೇಕು.

ಉತ್ತರ: ಸೋಮವಾರಪೇಟೆ ಯುಪಿಎಸ್

ಒಂದು ಮಾತು ಸೇರಿಸುತ್ತೇನೆ. ಮಾರ್ಚಲ್ಲಿ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಓಡುತ್ತದೆ. ಪಂಪ್ ಶುರುವಾದಾಗ ನಮ್ಮ ಲೈನಲ್ಲಿ ಕರೆಂಟ್ ಕುಗ್ಗುತ್ತದೆ. ನೀಲಿ ಪರದೆ ಬರದೆ ಸಿಸ್ಟಮ್ ಪಟ್ಟಂತ ಆಫ್ ಆಗಿ ಮತ್ತೆ ಆನ್ ಆದರೆ ಕರೆಂಟನ್ನೂ ಎಸ್‌ಎಂಪಿಎಸ್ಸನ್ನೂ (ಸಿಸ್ಟಮ್‌ನ ಒಳಗಿನ ಪವರ್ ಸಪ್ಲೈ) ನೋಡಿ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ವೀಯಾ (WHEA) ಎರರ್, ಅಂದರೆ ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ತಪ್ಪು, ಇದ್ದರೆ ಪ್ರೊಸೆಸರ್ ಸೆಟ್ಟಿಂಗ್ ಮೇಲೇ ಅನುಮಾನ ಪಡಬೇಕು. ಬಯಾಸ್ ಅಪ್‌ಡೇಟನ್ನು ಯುಪಿಎಸ್ ಇಲ್ಲದೆ ಮಾಡಲೇಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡು ಏಳದೇ ಹೋಗಬಹುದು.

ಉತ್ತರ: ನಾಪೋಕ್ಲು ಎಡಿಟಿಂಗ್

ಶನಿವಾರದ ಕೆಲಸ ಓವರ್‌ಕ್ಲಾಕ್ ಇಲ್ಲದೆ ಮುಗಿಸಿ ಕೊಟ್ಟೆ. ಭಾನುವಾರ ಕೂಲರ್ ಬಿಚ್ಚಿದೆ. ರೆಕ್ಕೆಗಳ ನಡುವೆ ಕಂದು ಬಣ್ಣದ ಧೂಳು ಕಂಬಳಿ ಥರ ಕೂತಿತ್ತು. ಪೇಸ್ಟ್ ಒಣಗಿ ಪುಡಿಯಾಗಿತ್ತು, ಹೊಸದು ಹಾಕಿದೆ.

ವೀಯಾ ಎರರ್ ಏಳು ಸಲ ದಾಖಲಾಗಿತ್ತು. ಎಲ್ಲವೂ ಮಧ್ಯಾಹ್ನವೇ. 4.7ಕ್ಕೆ 1.25 ಸಾಲಲಿಲ್ಲ, 1.27ರಲ್ಲಿ ನಿಂತಿತು. ನಿನ್ನೆ ಎರಡು ಗಂಟೆಗೆ, ರೂಮು 30 ಇದ್ದಾಗ, 79 ಡಿಗ್ರಿ. ಮೊದಲು 62 ನಿಮಿಷ ಹಿಡಿದಿದ್ದ ಎಕ್ಸ್‌ಪೋರ್ಟ್ ಈಗ 66 ನಿಮಿಷ. ಮೂರು ಸಲ ಓಡಿಸಿದೆ, ಮೂರೂ ಪೂರ್ತಿ ಆಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ.

ಎಕ್ಸ್‌ಎಂಪಿ ಇನ್ನೂ ಆಫ್ ಇದೆ. ಒಂದು ವಾರ ಹೀಗೇ ಓಡಿಸಿ ಆಮೇಲೆ ಆನ್ ಮಾಡುತ್ತೇನೆ. ಕಿಟಕಿಗೆ ಸೊಳ್ಳೆ ಜಾಲರಿಯ ಮೇಲೆ ಇನ್ನೊಂದು ತೆಳು ಬಟ್ಟೆ ಹಾಕಿದ್ದೇನೆ.