1003 ಟಿವಿಗಳ ಗೋಪುರ: ಪರದೆ ಬದಲಾದ ಮೇಲೂ ಅದೇ ಕೃತಿಯೇ?

ಸಂಗ್ರಹಪಾಲಕ:
ದಕ್ಷಿಣ ಕೊರಿಯಾದ ಗ್ವಾಚಾನ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ವಿಡಿಯೊ ಕಲಾವಿದ ನಾಮ್ ಜೂನ್ ಪೈಕ್ 1988ರಲ್ಲಿ 1003 ಟಿವಿಗಳನ್ನು ಪೇರಿಸಿ ನಿಲ್ಲಿಸಿದ, 18.5 ಮೀಟರ್ ಎತ್ತರದ ಗೋಪುರವನ್ನು ಸುರಕ್ಷತೆಯ ಕಾರಣಕ್ಕೆ 2018ರಲ್ಲಿ ಬೆಳಗಿಸುವುದನ್ನು ನಿಲ್ಲಿಸಲಾಯಿತು. 2022ರಲ್ಲಿ ಅದು ಮತ್ತೆ ಬೆಳಗಿದಾಗ 737 ಟಿವಿಗಳು ಪಿಕ್ಚರ್ ಟ್ಯೂಬಿನವಾಗಿಯೇ ಉಳಿದಿದ್ದವು. ಮೇಲ್ಭಾಗದ 266 ಚಿಕ್ಕ ಪರದೆಗಳು ಮಾತ್ರ ಎಲ್‌ಸಿಡಿಯಾದವು. ವಿಡಿಯೊ ಕಲೆಯನ್ನು ಕಾಪಾಡಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಾಣುತ್ತಿಲ್ಲ.

ಟಿವಿ ರಿಪೇರಿ:
‘ಮಾತ್ರ’ ಎಂಬ ಒಂದು ಪದದೊಳಗೆ 266 ಪರದೆಗಳನ್ನು ಮುಚ್ಚಿಟ್ಟಿರಿ. ಇಪ್ಪತ್ತು ವರ್ಷ ಇಂಥ ಟಿವಿಗಳ ಹಿಂಬದಿ ಬಿಚ್ಚಿದವನು ನಾನು. ಹತ್ತಿರ ಒಯ್ದ ಕೈಯ ರೋಮವನ್ನು ಸೆಳೆಯುವ ಆ ಉಬ್ಬು ಗಾಜು, ಆರಿಸಿದಾಗ ಚಿತ್ರವೆಲ್ಲ ಕುಗ್ಗಿ ನಡುವೆ ಉಳಿಯುವ ಬಿಳಿ ಚುಕ್ಕೆ ಎಲ್‌ಸಿಡಿಯಲ್ಲಿ ಇಲ್ಲ. ಟ್ಯೂಬಿನಲ್ಲಿ ಗಾಜಿನ ಒಳಮೈಯ ಲೇಪವೇ ಹೊಳೆಯುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪದ ಬೆಳಕು ಸೋಸಿ ಬರುತ್ತದೆ.

ಬಿಂಬ:
ಚುಕ್ಕೆ ನೋಡಲೆಂದು ಯಾರೂ ಆ ಗೋಪುರದ ಮುಂದೆ ನಿಲ್ಲುವುದಿಲ್ಲ. 1003 ಎಂದರೆ 10ನೇ ತಿಂಗಳ 3, ಅಂದರೆ ಅಕ್ಟೋಬರ್ 3, ಕೊರಿಯಾದ ರಾಷ್ಟ್ರ ಸ್ಥಾಪನೆಯ ದಿನ. ಎಣಿಕೆ ಉಳಿದಿದೆ, ಕೃತಿಯೂ ಉಳಿದಿದೆ. ಅಷ್ಟಕ್ಕೂ 2003ರಲ್ಲೇ ಎಲ್ಲ ಟಿವಿಗಳನ್ನೂ ಬದಲಿಸಲಾಗಿತ್ತು.

ಟಿವಿ ರಿಪೇರಿ:
ಆಗ ಟ್ಯೂಬಿನ ಜಾಗಕ್ಕೆ ಟ್ಯೂಬೇ ಬಂದಿತ್ತು. ಹಂಚಿನ ಮನೆಗೆ ಹೊಸ ಹಂಚು ಹೊದಿಸುವುದೂ ಆರ್‌ಸಿಸಿ ಹಾಕಿಸುವುದೂ ನಿಮಗೆ ಒಂದೆಯೇ?

ಬಿಂಬ:
ಹಂಚು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಪಿಕ್ಚರ್ ಟ್ಯೂಬ್ ಎಲ್ಲಿ ಸಿಗುತ್ತದೆ, ಹೇಳಿ.

ಅಟ್ಟದ ಮನೆ:
ಹಂಚು ಸಿಗುತ್ತದೆ ಎನ್ನುವವರು ಒಮ್ಮೆ ಮಾಡು ಹೊದಿಸಿ ನೋಡಬೇಕು. ನಮ್ಮ ಹಳೆಯ ಮಂಗಳೂರು ಹಂಚಿನ ಪಕ್ಕದಲ್ಲಿ ಹೊಸತು ಸರಿಯಾಗಿ ಕೂರದೆ ಮೊದಲ ಮಳೆಗೇ ಸೋರಿತು. ಕಡೆಗೆ ಕೆಡವುತ್ತಿದ್ದ ಮನೆಯೊಂದರಿಂದ ತಂದೆವು. ಬಳಸಿದ ಟಿವಿಗಳನ್ನು ಹುಡುಕಿ ತಂದ ಆ ಸಂಗ್ರಹಾಲಯವೂ ಅದನ್ನೇ ಮಾಡಿದೆ.

ಬಿಂಬ:
ಕೆಡವುವ ಮನೆಗಳೂ ಮುಗಿದ ಮೇಲೆ? ನೆನೆಯುತ್ತ ಕೂರುತ್ತೀರಾ?

ಟಿವಿ ರಿಪೇರಿ:
ಮುಗಿಯಬಾರದೆಂದೇ ಗೋಪುರವನ್ನು ವಾರಕ್ಕೆ 4 ದಿನ, ದಿನಕ್ಕೆ 2 ಗಂಟೆ ಮಾತ್ರ ಬೆಳಗಿಸಲು ನಿರ್ಧರಿಸಿದರು. ಯಾವ ಪರದೆಯಾದರೂ ಸಾಕು ಎನ್ನುವುದಾದರೆ ಇಷ್ಟು ಬಿಗಿ ಏಕೆ ಬೇಕಿತ್ತು?

ಸಂಗ್ರಹಪಾಲಕ:
ಈಗ ‘ಮಾತ್ರ’ ಎಂದವರು ನೀವು. ಹಂಚಿನ ಮಾತು ಸಾಕು. ಯಾವ ಪೆಟ್ಟಿಗೆಯನ್ನು ಯಾವಾಗ, ಏಕೆ ಬದಲಿಸಿದರು ಎಂಬ ದಾಖಲೆ ಇದ್ದರೆ ನಾಳೆ ಯಾರು ಬೇಕಾದರೂ ತಪ್ಪನ್ನು ತಿದ್ದಬಹುದು.

ಟಿವಿ ರಿಪೇರಿ:
ದಾಖಲೆ ಕಪಾಟಿನಲ್ಲಿದ್ದರೆ ಸಾಲದು. ಆ 266 ಪರದೆಗಳು ಟ್ಯೂಬಿನವಲ್ಲ ಎಂದು ಗೋಪುರದ ಬುಡದಲ್ಲೇ, ನೋಡುಗರಿಗೆ ಕಾಣುವಂತೆ ಬರೆದಿಡಬೇಕು.