ಸ್ಪೇನಿನಲ್ಲಿ ಯಾರಿಗೆ ‘ತು’, ಯಾರಿಗೆ ‘ಉಸ್ತೆದ್’?

ಸ್ಪೇನಿಗೆ ಹೊಸದಾಗಿ ಬರುವ ನಮ್ಮವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ತು’ ಅಂದರೆ ನೀನು, ‘ಉಸ್ತೆದ್’ ಅಂದರೆ ಮರ್ಯಾದೆಯ ನೀವು. ಹಿಂದಿಯ ‘ತೂ’ ಕೇಳಿ ಬೆಳೆದ ಕಿವಿಗೆ ‘ತು’ ಒರಟಾಗಿ ಕೇಳಿಸುತ್ತದೆ. ಅದಕ್ಕೇ ನಾವು ಎಲ್ಲರಿಗೂ ‘ಉಸ್ತೆದ್’ ಹಚ್ಚಿಬಿಡುತ್ತೇವೆ. ಮ್ಯಾಡ್ರಿಡ್‌ನಲ್ಲಿ ಪಕ್ಕದ ಮನೆಯ ಮೂವತ್ತೈದರ ಹೆಂಗಸಿಗೆ ಉಸ್ತೆದ್ ಅಂದು ನೋಡಿ, ‘ನನಗೇನು ಅಷ್ಟು ವಯಸ್ಸಾಯ್ತಾ?’ ಅಂತ ಮುಖ ಮಾಡುತ್ತಾರೆ. ಆಫೀಸಿನಲ್ಲಿ ಬಾಸ್‌ಗೂ ಸಾಮಾನ್ಯವಾಗಿ ತು. ಅಂಗಡಿಯಲ್ಲೂ ಅದೇ ಜಾಸ್ತಿ. ವಯಸ್ಸಾದವರು, ಪೊಲೀಸರು, ಸರ್ಕಾರಿ ಕೌಂಟರಿನಲ್ಲಿ ಕೂತವರು, ಮೊದಲ ಸಲ ನೋಡುವ ಡಾಕ್ಟರು, ಇವರಿಗೆ ಉಸ್ತೆದ್ ಇಟ್ಟುಕೊಳ್ಳಿ.

ಆದರೆ ಉಸ್ತೆದ್ ಅನ್ನುವುದನ್ನು ಎಷ್ಟೋ ಸಲ ಬಾಯಿ ಬಿಟ್ಟು ಹೇಳುವುದೇ ಇಲ್ಲ. ಮರ್ಯಾದೆ ಇರುವುದು ಕ್ರಿಯಾಪದದಲ್ಲಿ. ‘ಕೋಮೋ ಎಸ್ತಾಸ್’ ಅಂದರೆ ಹೇಗಿದ್ದೀಯ, ‘ಕೋಮೋ ಎಸ್ತಾ’ ಅಂದರೆ ಹೇಗಿದ್ದೀರಿ. ಕೊನೆಯ ‘ಸ್’ ತೆಗೆದರೆ ಗೌರವ ಬಂತು! ‘ಅವನು ಹೇಗಿದ್ದಾನೆ’ ಅನ್ನುವುದಕ್ಕೂ ಅದೇ ‘ಎಸ್ತಾ’, ಹಾಗಾಗಿ ಶುರುವಿನಲ್ಲಿ ತಲೆ ಕೆಡುತ್ತದೆ. ದಕ್ಷಿಣದ ಸೆವಿಯಾ ಕಡೆಯವರಂತೂ ಆ ‘ಸ್’ ನುಂಗಿಯೇ ಮಾತಾಡುತ್ತಾರೆ, ಅಲ್ಲಿ ಕಿವಿಯನ್ನು ಪೂರ್ತಿ ನಂಬಬೇಡಿ. ಹಿರಿಯರೇ ‘ತುತೇಯಮೆ’, ಅಂದರೆ ‘ನನಗೆ ತು ಅನ್ನು’ ಅಂದರೆ ಸಂಕೋಚ ಬಿಟ್ಟು ತು ಅನ್ನಿ. ಆಮೇಲೂ ಉಸ್ತೆದ್ ಅನ್ನುತ್ತಾ ಹೋದರೆ ದೂರ ಇಟ್ಟ ಹಾಗಾಗುತ್ತದೆ.

ನನ್ನ ಕೇಳಿದರೆ, ಇದಕ್ಕಿಂತ ದೊಡ್ಡ ವಿಷಯ ನಮಸ್ಕಾರದ್ದು. ಲಿಫ್ಟ್, ಬೇಕರಿ, ಕ್ಲಿನಿಕ್ಕಿನಲ್ಲಿ ಕಾಯುವ ಜಾಗ, ಎಲ್ಲಿಗೇ ಕಾಲಿಟ್ಟರೂ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ‘ಬುಯೆನೋಸ್ ದೀಯಾಸ್’, ಅಂದರೆ ಶುಭದಿನ, ಅನ್ನಬೇಕು. ಮಧ್ಯಾಹ್ನದ ಊಟ ಆಗುವವರೆಗೂ ಇದೇ ನಡೆಯುತ್ತದೆ, ಇಲ್ಲಿ ಊಟವೇ 2 ಗಂಟೆಯ ಮೇಲೆ. ಆಮೇಲೆ ‘ಬುಯೆನಾಸ್ ತಾರ್ದೆಸ್’. ಹೊರಡುವಾಗ ಗುರುತಿಲ್ಲದವರಿಗೂ ‘ಆಸ್ತ ಲುಯೆಗೋ’. ನಾವು ಸುಮ್ನೆ ತಲೆಯಾಡಿಸಿ ಫೋನ್ ನೋಡುತ್ತಾ ನಿಲ್ಲುತ್ತೇವೆ. ಉಸ್ತೆದ್ ತಪ್ಪಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಈ ಮೌನ ಮಾತ್ರ ಕಣ್ಣಿಗೆ ಬೀಳುತ್ತದೆ.

ಇನ್ನು ಮಕ್ಕಳ ವಿಷಯ. ಶಾಲೆಯಲ್ಲಿ ಅವರು ಟೀಚರನ್ನು ಸಾಮಾನ್ಯವಾಗಿ ಹೆಸರು ಹಿಡಿದೇ ಕರೆಯುತ್ತಾರೆ, ತು ಅನ್ನುತ್ತಾರೆ. ಗಾಬರಿ ಬೇಡ. ನಾವೂ ಅಮ್ಮನಿಗೆ ‘ನೀನು’ ಅಂತಲೇ ಬೆಳೆದವರು, ಅಲ್ವಾ? ಆದರೆ ಶಾಲೆಯಲ್ಲಿ ಉಸ್ತೆದ್ ಅವರ ಕಿವಿಗೆ ಬೀಳುವುದೇ ಕಡಿಮೆ. ಕೆಳಗಿನ ಮನೆಯ ಅಜ್ಜಿ ಸಿಕ್ಕಾಗ ‘ಕೋಮೋ ಎಸ್ತಾ’ ಅಂತ ಕೇಳುವುದನ್ನು ನೀವೇ ರೂಢಿ ಮಾಡಿಸಬೇಕು.

ಲ್ಯಾಟಿನ್ ಅಮೆರಿಕಕ್ಕೆ ವರ್ಗ ಆಗುವವರು ಈ ಲೆಕ್ಕ ಇಲ್ಲೇ ಬಿಟ್ಟು ಹೋಗಿ. ಕೊಲಂಬಿಯಾದ ಬೊಗೋಟಾದಲ್ಲಿ ಗಂಡ ಹೆಂಡತಿ, ಅಪ್ಪ ಮಕ್ಕಳೂ ಎಷ್ಟೋ ಮನೆಗಳಲ್ಲಿ ಪರಸ್ಪರ ಉಸ್ತೆದ್ ಅಂದುಕೊಳ್ಳುತ್ತಾರೆ. ಮೆಕ್ಸಿಕೋದಲ್ಲಿ ಅಮ್ಮ ಕರೆದರೆ ಮಕ್ಕಳು ಉಸ್ತೆದ್ ರೂಪದಲ್ಲೇ ‘ಮಾಂದೆ’, ಅಂದರೆ ‘ಅಪ್ಪಣೆಯಾಗಲಿ’, ಅಂತ ಓಗೊಡುವುದು ವಾಡಿಕೆ. ಅಲ್ಲಿಗೆ ಹೋಗುವ ಮಕ್ಕಳಿಗೆ ಉಸ್ತೆದ್ ಈಗಿನಿಂದಲೇ ಕಲಿಸಿ.