ಗ್ರೇಡ್ 2 ಫ್ಯಾಟಿ ಲಿವರ್ ಅಂದ್ರೆ ಲಿವರ್‌ನಲ್ಲಿ ಕಲೆ ಬಿದ್ದಿದೆ ಅಂತಾನಾ?

ಮೂಡಿಗೆರೆ ಹುಡುಗಿ:
ನಮ್ಮ ಅಪ್ಪನಿಗೆ 58 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹೋದ ವಾರ ಹೊಟ್ಟೆ ಸ್ಕ್ಯಾನ್ ಮಾಡಿಸಿದೆವು. ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬರೆದಿದ್ದಾರೆ. ಮೊಬೈಲ್‌ನಲ್ಲಿ ಹುಡುಕಿದರೆ ಲಿವರ್ ಕಲೆಗೆ, ಅಂದರೆ ಗಾಯ ಮಾಗಿದ ಹಾಗೆ ಲಿವರ್ ಗಟ್ಟಿಯಾಗುವುದಕ್ಕೆ, ನಾಲ್ಕು ಹಂತ, ಕೊನೆಯದು ಇಡೀ ಲಿವರ್ ಗಟ್ಟಿಯಾಗುವ ಸಿರೋಸಿಸ್ ಅಂತಿತ್ತು. ಹಾಗಾದರೆ ಅಪ್ಪ ಅರ್ಧ ದಾರಿ ಹೋಗಿಬಿಟ್ಟರಾ? ನನಗೆ ನಿದ್ದೆಯೇ ಬರುತ್ತಿಲ್ಲ.

ಅಪ್ಪ ಒಂದು ದಿನವೂ ಕುಡಿದವರಲ್ಲ. ಆದರೂ ನೋಡಲು ಬಂದ ನೆಂಟರೊಬ್ಬರು ‘ಲಿವರ್ ಕೆಟ್ಟಿದೆ ಅಂದ್ರೆ ಕುಡಿತವೇ’ ಅಂದುಬಿಟ್ಟರು. ಆವತ್ತಿನಿಂದ ಅಪ್ಪ ತೋಟದ ಕಡೆಗೂ ಸರಿಯಾಗಿ ಹೋಗುತ್ತಿಲ್ಲ.

ರಕ್ತ ಪರೀಕ್ಷೆಯಲ್ಲಿ ಲಿವರ್ ಕಿಣ್ವಗಳಾದ ಎಸ್‌ಜಿಓಟಿ 54, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.8 ಲಕ್ಷ.

ಚಿಕ್ಕಮಗಳೂರು ಲ್ಯಾಬ್ ಅಕ್ಕ:
ಮೊದಲು ಆ ಭಯ ಬಿಡಮ್ಮ. ಸ್ಕ್ಯಾನ್‌ನಲ್ಲಿ ಬರೆದಿರುವ ಗ್ರೇಡ್ ಕೊಬ್ಬಿನದು. ಕಲೆಯ ಹಂತ ಬೇರೆ, ಅದನ್ನು ಎಫ್0ಯಿಂದ ಎಫ್4ರವರೆಗೆ ಎಣಿಸುತ್ತಾರೆ. ಎರಡಕ್ಕೂ ನಂಬರ್ ಇರುವುದರಿಂದ ಲ್ಯಾಬ್‌ಗೆ ಬರುವ ಎಷ್ಟೋ ಜನ ಹೀಗೇ ಗಾಬರಿಯಾಗುತ್ತಾರೆ. ಶುರುವಿನ ಕಲೆ ಮಾಮೂಲಿ ಸ್ಕ್ಯಾನ್‌ಗೆ ಕಾಣುವುದೂ ಇಲ್ಲ.

ನಿಮ್ಮ ಹತ್ತಿರ ಇರುವ ರಿಪೋರ್ಟ್‌ನಿಂದಲೇ ಒಂದು ಲೆಕ್ಕ ಹಾಕಬಹುದು. ಕಲೆ ಎಷ್ಟಿರಬಹುದು ಅಂತ ಅಂದಾಜು ಮಾಡುವ ಅದರ ಹೆಸರು ಫಿಬ್-4. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ: 58 × 54 = 3132. ಎಸ್‌ಜಿಪಿಟಿಯ ವರ್ಗಮೂಲ 8. ಅದನ್ನು ಪ್ಲೇಟ್‌ಲೆಟ್‌ನಿಂದ, ಅಂದರೆ ಸಾವಿರದ ಲೆಕ್ಕದಲ್ಲಿ 180ರಿಂದ ಗುಣಿಸಿದರೆ 1440. 3132ನ್ನು 1440ರಿಂದ ಭಾಗಿಸಿದರೆ ಸುಮಾರು 2.2. 1.3ಕ್ಕಿಂತ ಕಡಿಮೆ ಇದ್ದರೆ ಜಾಸ್ತಿ ಕಲೆ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಚಿಂತೆ. ಅಪ್ಪನದು ನಡುವೆ ಇದೆ. ಇದರಿಂದ ಏನೂ ತೀರ್ಮಾನ ಆಗಲ್ಲ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಹಾಸನದ ಮೇಷ್ಟ್ರು:
ತಂಗಿ, ನಾನೂ ಕುಡಿದವನಲ್ಲ. ನನಗೂ ಸಕ್ಕರೆ ಕಾಯಿಲೆ, ನನಗೂ ಕಲೆ ಇತ್ತು. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಹೆಪಟೈಟಿಸ್ ಬಿ, ಸಿ, ಯಾವುದರಿಂದಲೂ ಕಲೆ ಬೀಳಬಹುದು. ಇದನ್ನು ಆ ನೆಂಟರಿಗೆ ಅಪ್ಪನ ಎದುರಿಗೇ ಹೇಳಿ.

ಫೈಬ್ರೋಸ್ಕ್ಯಾನ್‌ಗೆ ಹೆದರಬೇಡಿ. ಮಲಗಿಸಿ, ಬಲಪಕ್ಕೆಯ ಮೂಳೆಗಳ ನಡುವೆ ಒಂದು ಕಡ್ಡಿಯಂಥದ್ದನ್ನು ಇಟ್ಟು ಮೆಲ್ಲಗೆ ತಟ್ಟಿದ ಹಾಗೆ ಮಾಡುತ್ತಾರೆ. ಸೂಜಿ ಇಲ್ಲ, ನೋವಿಲ್ಲ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಹಾಗೆ ತಟ್ಟಿದಾಗ ಏಳುವ ಅಲೆ ಲಿವರ್‌ನಲ್ಲಿ ಎಷ್ಟು ಬೇಗ ಹೋಗುತ್ತದೆ ಅಂತ ಅಳೆಯುತ್ತಾರೆ. ಲಿವರ್ ಗಟ್ಟಿಯಾದಷ್ಟೂ ಬೇಗ. ಉತ್ತರ ಕಿಲೋಪಾಸ್ಕಲ್‌ನಲ್ಲಿ ಬರುತ್ತದೆ. 8ರ ಒಳಗಿದ್ದರೆ ಸಾಮಾನ್ಯವಾಗಿ ದೊಡ್ಡ ಕಲೆ ಇಲ್ಲ ಅಂತಲೇ. ಹೋಗುವ ಮೊದಲು ಮೂರು ಗಂಟೆ ಏನೂ ತಿನ್ನಿಸಬೇಡಿ, ಊಟ ಮಾಡಿ ಹೋದರೆ ನಂಬರ್ ಸುಮ್ನೆ ಏರುತ್ತದೆ.

ನನಗೆ ಮೊದಲ ಸಲ 9.4 ಬಂದಿತ್ತು. ಆಗ ತೂಕ 82 ಕಿಲೋ. ರಾತ್ರಿ ಅನ್ನ ಬಿಟ್ಟು ಒಂದೇ ರೊಟ್ಟಿ, ಬೆಳಿಗ್ಗೆ ಮಹಾರಾಜ ಪಾರ್ಕ್‌ನಲ್ಲಿ ನಡಿಗೆ. ಒಂದೂವರೆ ವರ್ಷಕ್ಕೆ 75 ಆಯಿತು. ಮತ್ತೆ ಮಾಡಿಸಿದಾಗ 6.8. ಕಲೆ ಕರಗಬಲ್ಲದು ತಂಗಿ.

ಮೂಡಿಗೆರೆ ಹುಡುಗಿ:
ಸರ್, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಯಾರೋ ಲಿವರ್‌ಗೆ ಕಷಾಯದ ಪುಡಿ ಕೊಟ್ಟಿದ್ದಾರೆ, ಕೊಡಬಹುದಾ? ಕಾಫಿ ಬಿಡಬೇಕಾ?

ಚಿಕ್ಕಮಗಳೂರು ಲ್ಯಾಬ್ ಅಕ್ಕ:
ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದ ಪುಡಿ ಬೇಡವೇ ಬೇಡ. ಕೆಲವು ಗಿಡಮೂಲಿಕೆಗಳಿಂದಲೇ ಲಿವರ್ ಕೆಡುತ್ತದೆ. ಪೊಟ್ಟಣ ಡಾಕ್ಟರಿಗೆ ತೋರಿಸಿ. ಕಾಫಿ ಬಿಡಬೇಕಿಲ್ಲ. ಕಾಫಿ ಕುಡಿಯುವವರಲ್ಲಿ ಕಲೆ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಮಾತ್ರ ಹಾಕಬೇಡಿ.

ಮೂಡಿಗೆರೆ ಹುಡುಗಿ:
ಬುಧವಾರ ಹೋಗುತ್ತೇವೆ ಅಕ್ಕ. ಅಪ್ಪ ಇವತ್ತು ತೋಟಕ್ಕೆ ಹೋಗಿದ್ದಾರೆ.